ಮಡಿಕೆ ಬಾಗಿಲಿನ ಶುಭಾಶಯ ಪತ್ರ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಇತಿಹಾಸವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಮೊದಲು ಕೇಳಿದರು. ಕಟ್ಟಡ ಎದ್ದ ಬಗೆ, ದಾನಿಗಳ ನಾಮಾವಳಿ, ವರ್ಷವರ್ಷದ ಫಲಿತಾಂಶ ಇವನ್ನೆಲ್ಲ ನನಗಿಂತ ಸಮರ್ಥರಾದವರು ಬರೆಯುತ್ತಿದ್ದಾರೆಂದು ತಿಳಿದ ಮೇಲೆ ನಾನು ಬೇರೊಂದು ವಿಷಯಕ್ಕೆ ಅನುಮತಿ ಬೇಡಿದೆ. ಕರಕುಶಲದ ಅವಧಿಯಲ್ಲಿ ನಮ್ಮ ಮಕ್ಕಳು ತಮ್ಮ ಕೈಯಾರೆ ತಯಾರಿಸುತ್ತಿದ್ದ ಶುಭಾಶಯ ಪತ್ರಗಳ ವಿಷಯ ಅದು. ಇಷ್ಟು ಸಣ್ಣ ಸಂಗತಿಗೆ ಇಷ್ಟು ಪುಟಗಳೇ ಎಂದು ಯಾರಿಗಾದರೂ ಅನ್ನಿಸಿದರೆ, ಓದಿ ಮುಗಿಸಿದ ಮೇಲೆ ನಿರ್ಣಯಿಸಲಿ ಎಂದಷ್ಟೇ ನನ್ನ ವಿನಂತಿ.

ನಾನು ಹುಟ್ಟಿದ್ದು ನೇಮಕಲ್ಲಿನಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ, ಅದುವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಯ ಭಾಗವಾಯಿತು. ಆಗ ನಾನಿನ್ನೂ ಕೈಹಿಡಿದು ನಡೆಯುವ ಮಗು. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ತೇರ್ಗಡೆಯಾಗಿ, ಉಪಾಧ್ಯಾಯ ತರಬೇತಿ ಪಡೆದು, ಮಡಕಶಿರದ ಸೀಮೆಯಲ್ಲಿ ಕೆಲವು ವರ್ಷ ಪಾಠ ಹೇಳಿ, ಅನಂತರ ಈ ಶಾಲೆಗೆ ಬಂದೆ. (ಮಡಕಶಿರ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ.) ಗಡಿಯ ಗೆರೆ ನಕ್ಷೆಯ ಮೇಲೆ ಬಿದ್ದಿತ್ತೇ ಹೊರತು ನೆಂಟಸ್ತಿಕೆಯ ಮೇಲೆ ಬಿದ್ದಿರಲಿಲ್ಲ. ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ಸೋದರಮಾವನ ಮನೆ ಇದ್ದದ್ದು ಬಳ್ಳಾರಿ, ಮೊಳಕಾಲ್ಮೂರು, ಚಳ್ಳಕೆರೆಗಳ ಕಡೆಗೆ.

1980ರ ದಶಕದಲ್ಲಿ ಡಿಸೆಂಬರ್ ತಿಂಗಳು ಬಂತೆಂದರೆ ರಾಯದುರ್ಗದ ಬಜಾರಿನ ಅಂಗಡಿಗಳ ಮುಂದೆ ಹುರಿ ಕಟ್ಟಿ ಗ್ರೀಟಿಂಗ್ ಕಾರ್ಡುಗಳನ್ನು ತೂಗುಹಾಕುತ್ತಿದ್ದರು. ಗುಲಾಬಿ ಹೂವು, ಹಿಮ ಹೊದ್ದ ಮನೆ, ಸಿನಿಮಾ ನಟರು. ನಮ್ಮ ಬಿಸಿಲುನಾಡಿನಲ್ಲಿ ಹಿಮದ ಮನೆ ಯಾರಿಗೆ ಬೇಕಾಗಿತ್ತೋ ತಿಳಿಯದು, ಆದರೆ ಖರ್ಚಾಗುತ್ತಿದ್ದುದೇನೋ ನಿಜ. ಬರಹವೆಲ್ಲ ಇಂಗ್ಲಿಷಿನಲ್ಲಿ, ಕೆಲವು ತೆಲುಗಿನಲ್ಲಿ. ಏಳನೆಯ ತರಗತಿಯ ಒಬ್ಬ ಬಾಲಕಿ ಒಂದು ದಿನ ಎದ್ದು ನಿಂತು, "ಕನ್ನಡದಾಗ ಕಾರ್ಡು ಇರಂಗಿಲ್ಲೇನು ಸಾರ್?" ಎಂದು ಕೇಳಿದಳು. ಬಳ್ಳಾರಿಗೆ ಹೋದರೆ ಸಿಕ್ಕಾವು, ಇಲ್ಲಿ ಅಂಗಡಿಯವನು ಕೊಳ್ಳುವವರನ್ನು ನೋಡಿಯೇ ಸರಕು ತರಿಸುತ್ತಾನೆ ಎಂದೆ. ಆಕೆಗೆ ಸಮಾಧಾನವಾಗಲಿಲ್ಲ. "ನಮ್ಮ ಅಜ್ಜಿಗೆ ಕನ್ನಡ ಬಿಟ್ಟರ ಬ್ಯಾರೆ ಓದಾಕ ಬರಂಗಿಲ್ಲ" ಎಂದಳು. ಕಾರ್ಡನ್ನು ನಾವೇ ಮಾಡೋಣವೆಂದು ಅಂದೇ ನಿಶ್ಚಯವಾಯಿತು.

ಅಚ್ಚಾದ ಕ್ರಿಸ್‌ಮಸ್ ಶುಭಾಶಯ ಪತ್ರವನ್ನು ಮಾರಾಟಕ್ಕೆಂದು ಮೊದಲು ಹೊರತಂದವರು ಇಂಗ್ಲೆಂಡಿನ ಹೆನ್ರಿ ಕೋಲ್ ಎಂಬ ಮಹನೀಯರು, 1843ರಲ್ಲಿ. ನಾವು ಮಾಡಿದ ಕಾರ್ಡಿಗೆ ಮಾತ್ರ ಅದಕ್ಕಿಂತ ಹಳೆಯ ತಾಯಿಬೇರು ನಮ್ಮ ನಾಡಿನಲ್ಲೇ ಇತ್ತು. ಈಗ ಕಚೇರಿಯ ಫೈಲಿಗೆ ನಾವು ಬಳಸುವ ಕಡತ ಎಂಬ ಶಬ್ದ ಮೂಲದಲ್ಲಿ ಒಂದು ಬಗೆಯ ಮಡಿಕೆ ಪುಸ್ತಕದ ಹೆಸರು. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ ಗಟ್ಟಿಮಾಡಿ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮಡಿಚಿ, ಆ ಕಪ್ಪು ಮೈಮೇಲೆ ಬಳಪದಿಂದ ಬರೆಯುತ್ತಿದ್ದರು. ವರ್ತಕರೂ ಶಾನುಭೋಗರೂ ಲೆಕ್ಕವಿಟ್ಟದ್ದು ಇಂಥ ಕಡತಗಳಲ್ಲೇ. ಶೃಂಗೇರಿ ಮಠದಲ್ಲಿ ಕಡತಗಳ ಸಂಗ್ರಹವೇ ಇದೆ. ಮಕ್ಕಳಿಗೆ ಇದನ್ನು ಹೇಳಿದಾಗ ಮಡಿಕೆಯ ಕೆಲಸಕ್ಕೆ ಒಂದು ಗೌರವ ಬಂತು.

ಇನ್ನು ಮಾಡುವ ಕ್ರಮ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಈಗಿನ ಉಪಾಧ್ಯಾಯರಿಗೆ ಉಪಯೋಗಕ್ಕೆ ಬಂದೀತು. ಅಗಲ 22 ಅಂಗುಲ, ಉದ್ದ 28 ಅಂಗುಲದ ಒಂದು ಡ್ರಾಯಿಂಗ್ ಶೀಟು ತೆಗೆದುಕೊಳ್ಳಬೇಕು. ಅದರಲ್ಲಿ 18 ಅಂಗುಲ ಉದ್ದ, 5 ಅಂಗುಲ ಎತ್ತರದ ಪಟ್ಟಿಗಳನ್ನು ಕತ್ತರಿಸಿದರೆ ಐದು ಪಟ್ಟಿಗಳು ಬರುತ್ತವೆ. ಪಟ್ಟಿಯ ಉದ್ದ ಹಾಳೆಯ 22 ಅಂಗುಲದ ಕಡೆಗೆ ಇರಬೇಕು. ಕಾಗದಕ್ಕೂ ಮರದಂತೆ ನಾರಿನ ಓಟವಿದೆ. ಅದು ಸಾಮಾನ್ಯವಾಗಿ ಹಾಳೆಯ ಉದ್ದದ ದಿಕ್ಕಿಗಿರುತ್ತದೆ. ಓಟದ ಗುಂಟ ಮಡಿಚಿದರೆ ಮಡಿಕೆ ನೇರವಾಗಿ ಕೂರುತ್ತದೆ, ಅಡ್ಡಕ್ಕೆ ಮಡಿಚಿದರೆ ಅಂಚು ಸಿಬಿರು ಸಿಬಿರಾಗಿ ಒಡೆಯುತ್ತದೆ. ಸಂಶಯವಿದ್ದರೆ ಒಂದು ತುಂಡನ್ನು ಒಂದು ಬದಿ ಮಾತ್ರ ಒದ್ದೆ ಮಾಡಿ ನೋಡಬಹುದು. ಅದು ಕೊಳವೆಯಂತೆ ಸುರುಳಿಗೊಂಡಾಗ ಕೊಳವೆಯ ಉದ್ದವೇ ನಾರಿನ ಓಟ.

ಪಟ್ಟಿಯ ಮೇಲೆ 3, 6, 12, 15ನೆಯ ಅಂಗುಲಗಳಲ್ಲಿ ಗುರುತು ಹಾಕಿ, ಸ್ಕೇಲು ಹಿಡಿದು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೀಟು ಎಳೆಯಬೇಕು. 6 ಮತ್ತು 12ರ ಗೀಟುಗಳನ್ನು ಒಳಕ್ಕೆ ಮಡಿಚಬೇಕು, 3 ಮತ್ತು 15ರವನ್ನು ಹೊರಕ್ಕೆ. ಆಗ ನಡುವೆ 6 ಅಂಗುಲದ ಗೋಡೆ ನಿಂತು, ಎರಡೂ ಪಕ್ಕದಿಂದ ಎರಡೆರಡು ಮಡಿಕೆಯ ಕದಗಳು ಬಂದು ನಡುಮಧ್ಯದಲ್ಲಿ ಕೂಡುತ್ತವೆ. ಹಳೆಯ ಅಂಗಡಿಗಳ ಮಡಿಕೆ ಬಾಗಿಲನ್ನು ಕಂಡವರಿಗೆ ಬೇರೆ ವಿವರಣೆ ಬೇಡ. ಮಕ್ಕಳು ಇದಕ್ಕೆ ಅಂಗಡಿ ಬಾಗಿಲು ಎಂದೇ ಹೆಸರಿಟ್ಟಿದ್ದರು. ಮಡಿಚಿದ ಕದಗಳ ತುದಿ ಹೊರಗೆ ಚಾಚದಿರಲು ಎರಡೂ ತುದಿಯಲ್ಲಿ ಅರ್ಧ ನೂಲಿನಷ್ಟು ಸವರಿ ತೆಗೆಯಬೇಕು. ಮಡಿಕೆಯನ್ನು ಚಮಚದ ಬೆನ್ನಿನಿಂದ ಉಜ್ಜಿದರೆ ನಯವಾಗುತ್ತದೆ. ತೆರೆದು ಮೇಜಿನ ಮೇಲಿಟ್ಟಾಗ ನಾಟಕದ ರಂಗಸ್ಥಳದಂತೆ ತಾನಾಗಿ ನಿಲ್ಲುವುದೇ ಈ ಮಡಿಕೆಯ ವಿಶೇಷ. ಹಾಳೆಯಲ್ಲಿ ಉಳಿದ 4 ಅಂಗುಲದ ಪಟ್ಟಿಯಿಂದ ಕಾರ್ಡಿಗೆ ನಡುಕಟ್ಟು ಮಾಡುತ್ತಿದ್ದೆವು, ಕದ ಬಿಚ್ಚಿಕೊಳ್ಳದಂತೆ.

ಅಂಟಿಗೆ ಮೈದಾ ಗಂಜಿ, ಹುಳ ಬೀಳದಂತೆ ಚಿಟಿಕೆ ಮೈಲುತುತ್ತ. ಮೈಲುತುತ್ತ ವಿಷವಾದ್ದರಿಂದ ಅದನ್ನು ಹಾಕುವ ಕೆಲಸ ನನ್ನದೇ ಆಗಿತ್ತು.

ಕದಗಳ ಮೇಲೆ ಅಂಟಿಸಲು ಚಿತ್ತಾರದ ಕಾಗದ ಬೇಕು. ಕೊಂಡು ತರುವ ಶಕ್ತಿ ಶಾಲೆಗಿರಲಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಳಿದು ಡಬ್ಬಿಯ ತಳದಲ್ಲಿ ಉಳಿದ ಎಣ್ಣೆಬಣ್ಣವನ್ನು ಮಕ್ಕಳು ಮನೆಯಿಂದ ತಂದರು. ಅದಕ್ಕೆ ಸೀಮೆಎಣ್ಣೆ ಬೆರೆಸಿ ತೆಳ್ಳಗೆ ಮಾಡಿ, ಅಗಲವಾದ ತಟ್ಟೆಯ ನೀರಿನ ಮೇಲೆ ಹನಿ ಹನಿಯಾಗಿ ಬಿಟ್ಟರೆ ಬಣ್ಣ ತೇಲಿ ಹರಡುತ್ತದೆ. ತೆಂಗಿನ ಗರಿಯ ಕಡ್ಡಿಯಿಂದ ಮೆಲ್ಲಗೆ ಎಳೆದು, ಮೇಲೆ ಕಾಗದವನ್ನು ಹಾಸಿ ಎತ್ತಿದರೆ ಚಿತ್ತಾರ ಕಾಗದಕ್ಕೆ ಬಂದಿರುತ್ತದೆ. ಒಂದರಂತೆ ಇನ್ನೊಂದು ಎಂದೂ ಬರುವುದಿಲ್ಲ. ಇದನ್ನು ನಾನು ಯಾವುದೋ ಹೊಸ ಕಸುಬೆಂದು ತಿಳಿದಿದ್ದೆ. ಆಮೇಲೆ ಓದಿ ತಿಳಿದೆ, ಹದಿನೇಳನೆಯ ಶತಮಾನದ ಪೂರ್ವಾರ್ಧದಲ್ಲಿ ನಮ್ಮ ವಿಜಾಪುರದ ಆದಿಲಶಾಹಿ ಕಲಾವಿದರು ಇಂಥ ತೇಲುಬಣ್ಣದ ಕಾಗದದಿಂದಲೇ ಚಿತ್ರಗಳನ್ನು ರಚಿಸಿದ್ದರು. ಬಡಕಲು ಕುದುರೆಯೊಂದರ ಮೈಯೆಲ್ಲ ಆ ಅಲೆಯಲೆಯ ಚಿತ್ತಾರದಿಂದಲೇ ತುಂಬಿದ ಚಿತ್ರವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಆ ಕಾಗದಕ್ಕೆ ಪಾರಸಿಯಲ್ಲಿ ಅಬ್ರಿ ಎಂದು ಹೆಸರು. ಅಬ್ರ್ ಎಂದರೆ ಮೋಡ. ಮಳೆ ಕಾಣದ ನಮ್ಮ ಸೀಮೆಯ ಮಕ್ಕಳು ಈ ಅರ್ಥ ಕೇಳಿ ನಕ್ಕದ್ದುಂಟು.

ಇನ್ನೊಂದು ಬಗೆಯ ಚಿತ್ತಾರವನ್ನು ಒಬ್ಬ ಹುಡುಗನೇ ಕಂಡುಹಿಡಿದ. ಅವನ ಸೋದರಮಾವ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು. ಮಗ್ಗದಲ್ಲಿ ಬುಟ್ಟಾ ಮೂಡಿಸುವ ಜಕಾರ್ಡಿನ ರಟ್ಟುಗಳಲ್ಲಿ ಸಾಲು ಸಾಲಾಗಿ ತೂತುಗಳಿರುತ್ತವೆ. ಬಳಸಿ ಬಿಸುಟ ಅಂಥ ನಾಲ್ಕು ರಟ್ಟುಗಳನ್ನು ಅವನು ತಂದು, ಕಾಗದದ ಮೇಲಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಣ್ಣ ಚಿಮುಕಿಸಿದ. ರಟ್ಟು ತೆಗೆದಾಗ ಸೀರೆಯ ಲೆಕ್ಕವೆಲ್ಲ ಚುಕ್ಕಿಯಾಗಿ ಕಾಗದದ ಮೇಲೆ ಮೂಡಿತ್ತು. ಅದನ್ನು ನೋಡಿ ಅವನ ಮಾವ ಇದು ಸೆರಗಿನ ಯಾವ ಭಾಗವೆಂದು ಹೇಳಿದರಂತೆ. ಪ್ರವಾಸಕ್ಕೆ ಲೇಪಾಕ್ಷಿಗೆ ಹೋದಾಗ ಲತಾಮಂಟಪದ ಕಂಬಗಳಲ್ಲಿರುವ ಬಳ್ಳಿ ಹೂಗಳ ಚಿತ್ತಾರಗಳನ್ನು ಮಕ್ಕಳು ನೋಡಿ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ಅಲ್ಲಿನ ಗೋಡೆಯ ಕನ್ನಡ ಶಾಸನಗಳ ಮೇಲೂ ಬೆರಳಿಟ್ಟು ಅಕ್ಷರ ಹುಡುಕಿದರು. ಮಡಕಶಿರದ ಹೇಮಾವತಿ ಹಿಂದೆ ಹೆಂಜೇರು ಎಂಬ ಹೆಸರಿನಿಂದ ನೊಳಂಬರ ರಾಜಧಾನಿಯಾಗಿದ್ದ ಊರು. ಅಲ್ಲಿನ ಕಲ್ಲಿನ ಜಾಲಂಧ್ರಗಳನ್ನು ನೋಡಿದ್ದ ನಾನು, ಕಾಗದವನ್ನು ಮಡಿಚಿ ಕತ್ತರಿಸಿ ಜಾಲರಿ ಮಾಡುವುದನ್ನು ಹೇಳಿಕೊಟ್ಟೆ.

ಇನ್ನು ಅಚ್ಚುಗಳು. ಬೆಂಡೆಕಾಯಿಯನ್ನು ಅಡ್ಡ ಕೊಯ್ದರೆ ಐದು ಮೂಲೆಯ ಹೂವು ಸಿಗುತ್ತದೆ. ಲೋಳೆ ಆರುವಂತೆ ಅರ್ಧ ಗಂಟೆ ಬಟ್ಟೆಯ ಮೇಲೆ ಬೋರಲು ಇಡಬೇಕು. ಆಲೂಗೆಡ್ಡೆಯಲ್ಲಿ ಬೇಕಾದ ಆಕಾರ ಕೆತ್ತಬಹುದು, ಆದರೆ ಮರುದಿನಕ್ಕೆ ಬಾಡುತ್ತದೆ. ಅಕ್ಷರಗಳಿಗಾಗಿ ನಾವು ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಆರಿಸಿಕೊಂಡೆವು. ಬ್ಲೇಡಿನಿಂದ ಕೆತ್ತಿ, ಬಡಗಿಯ ಅಂಗಳದಲ್ಲಿ ಸಿಕ್ಕ ಮರದ ತುಂಡಿಗೆ ಸೈಕಲ್ ಪಂಕ್ಚರ್ ಅಂಟಿನಿಂದ ಅಂಟಿಸಿದರೆ ವರ್ಷಾನುಗಟ್ಟಲೆ ಬಾಳುತ್ತದೆ. ತೆಂಗಿನ ಚಿಪ್ಪಿನಲ್ಲಿ ನಾಲ್ಕು ಮಡಿಕೆ ಬಟ್ಟೆಯಿಟ್ಟು ಶಾಯಿ ಸುರಿದರೆ ಅದೇ ಠಸ್ಸೆಯ ಪ್ಯಾಡು. ಕೆಂಪಿಗೆ ಅರಿಶಿನಕ್ಕೆ ಸುಣ್ಣ ಬೆರೆಸಿ ಗೋಂದು ಹಾಕಿದ್ದೂ ಉಂಟು.

ಅಚ್ಚಿನಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತಬೇಕಷ್ಟೆ. ತೆಳು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು, ಬೋರಲು ಹಾಕಿ ಉಜ್ಜಿದರೆ ಅಟ್ಟೆಯ ಮೇಲೆ ಉಲ್ಟಾ ರೂಪ ಮೂಡುತ್ತದೆ. ಏಳು ವರ್ಷ ಓದಿ ಬರೆದ ಅಕ್ಷರವನ್ನು ಮಕ್ಕಳು ನಿಜವಾಗಿ ನೋಡಿದ್ದು ಅಂದೇ ಎಂದು ನನ್ನ ನಂಬಿಕೆ. ಸೊನ್ನೆಯೊಂದನ್ನು ಬಿಟ್ಟು ಯಾವುದೂ ಸುಮ್ಮನೆ ಒಲಿಯುವುದಿಲ್ಲ. ಕನ್ನಡ ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ನಮ್ಮ ಹುಡುಗರು ಎರಡನ್ನೂ ಬೀದಿಯಲ್ಲಿ ಬೆರೆಸಿಯೇ ಓದುವವರು. ಕೆತ್ತಲು ಕುಳಿತಾಗ ಕೆಲವರ ಅಕ್ಷರಕ್ಕೆ ತೆಲುಗಿನ ತಲೆಕಟ್ಟು ಬಂದು ಕೂತುಬಿಡುತ್ತಿತ್ತು. ತೆಲುಗಿನದು ಲೆಕ್ಕದ ಸರಿ ಗುರುತಿನಂತೆ, ಕನ್ನಡದ್ದು ಅಡ್ಡಲಾಗಿ ಮಲಗಿ ತುದಿಯಲ್ಲಿ ಬಾಗಿದಂತೆ. ಇದರಲ್ಲಿ ಒಂದು ಮೇಲು ಇನ್ನೊಂದು ಕೀಳು ಎಂದು ನಾನು ಎಂದೂ ಹೇಳಲಿಲ್ಲ. ಆದರೆ ಯಾವುದು ಯಾವುದೆಂದು ಗೊತ್ತಿರಬೇಕು.

ಅಚ್ಚುಗಳ ಸಂಖ್ಯೆ ಕಡಿಮೆಯಾಗಲೆಂದು ಮೂಲಾಕ್ಷರವನ್ನು ಬೇರೆಯಾಗಿಯೂ, ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವಗಳನ್ನು ಬೇರೆ ಸಣ್ಣ ತುಂಡುಗಳಾಗಿಯೂ ಕೆತ್ತಿದೆವು. ಹೀಗೆ ಜೋಡಿಸಿ ಒತ್ತುವಾಗ ಕಾಗುಣಿತ ಕೈಗೆ ಹತ್ತಿತು. ಜ, ಬ, ಲ, ಣಗಳಿಗೆ ತಲೆಕಟ್ಟಿಲ್ಲವೆಂಬುದನ್ನು ಎಷ್ಟೋ ಮಂದಿ ದೊಡ್ಡವರೇ ಗಮನಿಸಿರುವುದಿಲ್ಲ, ನಮ್ಮ ಆರನೆಯ ತರಗತಿಯವರು ಗಮನಿಸಿದರು.

ಮೊದಲ ವರ್ಷದ ಸಂಕ್ರಾಂತಿಗೆ ಕಳುಹಿಸಿದ ಕಾರ್ಡುಗಳಲ್ಲಿ ಒಂದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಕಸಾಪುರ, ನೇಮಕಲ್ಲು, ಮುರುಡಿ, ಈ ಮೂರು ಕಡೆಯ ಆಂಜನೇಯರನ್ನು ಶ್ರಾವಣದಲ್ಲಿ ಒಂದೇ ದಿನ ದರ್ಶನ ಮಾಡುವ ಪದ್ಧತಿ ನಮ್ಮ ಕಡೆ ಇದೆ. ಮೂರೂ ವ್ಯಾಸರಾಯರ ಪ್ರತಿಷ್ಠೆಯೆಂದು ಪ್ರತೀತಿ. ಒಬ್ಬ ಹುಡುಗ ಎಡದ ಕದದಲ್ಲಿ ಕಸಾಪುರ, ನಡುವಿನ ಗೋಡೆಯಲ್ಲಿ ನೇಮಕಲ್ಲು, ಬಲದ ಕದದಲ್ಲಿ ಮುರುಡಿ ಎಂದು ಅಚ್ಚೊತ್ತಿ, ಮೂರೂ ಕಡೆ ಒಂದೇ ಬಾಲದ ಗುರುತು ಹಾಕಿದ್ದ. ಕಾಲು ನಡೆಯಲಾಗದ ತಾತನಿಗೆ ಅದು. ಬಾಗಿಲು ತೆರೆದರೆ ಮೂರು ಯಾತ್ರೆಯೂ ಆಯಿತೆಂದು ಅವನ ಲೆಕ್ಕ.

ಲಕೋಟೆಯನ್ನು ಕಂದು ಕಾಗದದಲ್ಲಿ ನಾವೇ ಮಾಡಿ, ಬಾಯಿ ಅಂಟಿಸದೆ, ಬುಕ್ ಪೋಸ್ಟ್ ಎಂದು ಬರೆದು ಹಾಕುತ್ತಿದ್ದೆವು, ಖರ್ಚು ಕಡಿಮೆಯೆಂದು. ವಿಳಾಸ ಬರೆಯುವಾಗ ಪಿನ್ ಕೋಡಿನ ಪಾಠವೂ ಆಗುತ್ತಿತ್ತು. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಸಂಖ್ಯೆಯಲ್ಲಿ ಅನಂತಪುರದ ಕಡೆ 515, ಬಳ್ಳಾರಿಯ ಕಡೆ 583, ಮೊಳಕಾಲ್ಮೂರು ಚಳ್ಳಕೆರೆಗಳಿಗೆ 577. ಮೊದಲಂಕಿ ಎಲ್ಲಕ್ಕೂ 5. ಅಂಚೆ ಇಲಾಖೆಯ ಮಟ್ಟಿಗೆ ನಾವೆಲ್ಲ ಒಂದೇ ವಲಯದವರು ಎಂದು ಮಕ್ಕಳಿಗೆ ಹೇಳಲು ನನಗೆ ಏನೋ ಸಂತೋಷ.

ಒಮ್ಮೆ ತನಿಖೆಗೆ ಬಂದ ಅಧಿಕಾರಿಯೊಬ್ಬರು, ಇದರಿಂದ ಪರೀಕ್ಷೆಯಲ್ಲಿ ಎಷ್ಟು ಅಂಕ ಬರುತ್ತದೆ ಎಂದು ಕೇಳಿದರು. ಒಂದು ಹಾಳೆಗೆ ಐದು ಕಾರ್ಡಾದರೆ ಮೂವತ್ತೈದು ಮಕ್ಕಳಿಗೆ ಎಷ್ಟು ಹಾಳೆ, ಉಳಿಯುವ ತುಂಡು ಎಷ್ಟು ಎಂದು ಅವರೆದುರಿಗೇ ಒಬ್ಬ ಹುಡುಗನನ್ನು ಕೇಳಿದೆ. ಅವನು ಬಾಯಿಲೆಕ್ಕದಲ್ಲೇ ಹೇಳಿದ. ಅಧಿಕಾರಿಗಳು ವರದಿಯಲ್ಲಿ ಏನು ಬರೆದರೋ, ಒಂದು ಕಾರ್ಡನ್ನಂತೂ ಜೇಬಿಗಿಟ್ಟುಕೊಂಡು ಹೋದರು.

1990ರ ದಶಕದ ಕೊನೆಯ ವೇಳೆಗೆ ಸಂಗತಿ ಬೇರೆಯಾಯಿತು. ಊರಿಗೆ ಕಾನ್ವೆಂಟಿನ ವ್ಯಾನು ಬರತೊಡಗಿತು. ನಮ್ಮಲ್ಲಿ ಕನ್ನಡ ಪಠ್ಯಪುಸ್ತಕಗಳು ಕೈಸೇರುವುದು ತಡವಾಗುತ್ತಿತ್ತು. ಒಂದು ವರ್ಷ ಒಂದನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರುಗಳು. ಹೀಗೇ ಇಳಿದರೆ ಕನ್ನಡ ವಿಭಾಗ ಉಳಿಯುವುದೇ ಎಂಬ ಚಿಂತೆ ನಮ್ಮನ್ನೆಲ್ಲ ಹಿಡಿಯಿತು. ಸಭೆ ಸೇರಿ ಕನ್ನಡಾಭಿಮಾನದ ಭಾಷಣ ಮಾಡಿದ್ದಾಯಿತು. ಭಾಷಣ ಕೇಳಿದವರೇ ಮರುದಿನ ಮಕ್ಕಳನ್ನು ವ್ಯಾನು ಹತ್ತಿಸಿದರು. ಅವರನ್ನು ದೂಷಿಸಲಾರೆ, ಮಕ್ಕಳು ಮುಂದೆ ಬರಲೆಂದು ಹಂಬಲಿಸದ ತಂದೆತಾಯಿ ಯಾರು?

ಮರುವರ್ಷ ಬೇಸಿಗೆ ರಜೆಗೆ ಮುನ್ನ ದೊಡ್ಡ ಮಕ್ಕಳು ಮನೆಮನೆಗೆ ಹೋಗಿ ಐದು ವರ್ಷ ತುಂಬಿದ ಕೂಸುಗಳ ಹೆಸರು ಬರೆದು ತಂದರು. ಇಪ್ಪತ್ತಮೂರು ಹೆಸರುಗಳು. ಇಪ್ಪತ್ತಮೂರು ಅಂಗಡಿ ಬಾಗಿಲಿನ ಕಾರ್ಡುಗಳು ಸಿದ್ಧವಾದವು. ಮುಚ್ಚಿದ ಕದದ ಮೇಲೆ ಕೊಂಬಿನ ಬಣ್ಣದ ಚಿತ್ತಾರ, ಕದ ತೆರೆದರೆ ಆ ಮಗುವಿನ ಹೆಸರು ದಪ್ಪ ಕನ್ನಡ ಅಕ್ಷರಗಳಲ್ಲಿ, ಕೆಳಗೆ "ನಿನ್ನ ಜಾಗ ಕಾದಿದೆ" ಎಂಬ ಒಂದು ಸಾಲು. ಅಂಚೆಗೆ ಹಾಕದೆ, ಒಂದೊಂದನ್ನೂ ಅದನ್ನು ಮಾಡಿದ ಮಗುವೇ ಹೋಗಿ ಕೂಸಿನ ಕೈಗೆ ಕೊಡಬೇಕೆಂದು ಕಟ್ಟಳೆ ಮಾಡಿದೆವು. ಒಂದು ಮನೆಯಲ್ಲಿ ತಾಯಿಯೊಬ್ಬಳು, ಸಾಲದ ನೋಟೀಸು ಬಿಟ್ಟು ತಮ್ಮ ಮನೆಗೆ ಹೆಸರು ಹಾಕಿ ಬಂದ ಕಾಗದ ಇದೇ ಮೊದಲು ಎಂದಳಂತೆ.

ಜೂನಿನಲ್ಲಿ ಹದಿನಾಲ್ಕು ಮಕ್ಕಳು ಸೇರಿದರು. ಕಾರ್ಡಿನಿಂದಲೇ ಬಂದರೆಂದು ನಾನು ಹೇಳುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಶೇಂಗಾ ಕೈಕೊಟ್ಟಿದ್ದರಿಂದ ಫೀಜು ಕಟ್ಟಲು ಹಣವಿಲ್ಲದವರೂ ಅವರಲ್ಲಿದ್ದರು. ಆದರೆ ಒಂಬತ್ತು ಹದಿನಾಲ್ಕಾದದ್ದು ನಿಜ, ಆ ಹದಿನಾಲ್ಕರಲ್ಲಿ ಹಲವರು ಮೊದಲ ದಿನ ಕಾರ್ಡನ್ನು ಎದೆಗೊತ್ತಿಕೊಂಡು ಬಂದದ್ದೂ ನಿಜ.

ಬಾರದೆ ಹೋದ ಒಂಬತ್ತು ಮಕ್ಕಳಲ್ಲಿ ಒಂದು ಹೆಣ್ಣುಮಗುವಿನ ತಂದೆ ಸಂಜೆ ನನ್ನ ಮನೆಗೆ ಬಂದರು. ಶೇಂಗಾ ಬೆಳೆಯುವ ರೈತರು. ಬಾಗಿಲಲ್ಲೇ ನಿಂತು, "ಫೀಜು ಅರ್ಧ ಕಟ್ಟಿಬಿಟ್ಟೀನ್ರಿ ಸಾರ್. ಈ ಕಾರ್ಡು ವಾಪಸು ಕೊಡಬೇಕೇನು?" ಎಂದು ಕೇಳಿದರು. "ಅದು ಮಗುವಿನ ಹೆಸರಿನದಪ್ಪಾ, ಮಗುವಿನ ಹತ್ತಿರಾನೇ ಇರಲಿ" ಎಂದೆ. ಕಾರ್ಡನ್ನು ಹೆಗಲ ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಮಗು ವ್ಯಾನಿನಲ್ಲಿ ಹೋಯಿತು.

ಆ ಮಗು ಕಳೆದ ತಿಂಗಳು ನನ್ನನ್ನು ಹುಡುಕಿಕೊಂಡು ಬಂದಿತ್ತು. ಈಗ ಆಕೆಗೆ ಮದುವೆಯಾಗಿ ನಾಲ್ಕು ವರ್ಷದ ಮಗನಿದ್ದಾನೆ. ತವರಿನಲ್ಲಿ ಟ್ರಂಕು ಖಾಲಿ ಮಾಡುವಾಗ ಸಿಕ್ಕಿತೆಂದು ಕಾರ್ಡನ್ನು ನನ್ನ ಮುಂದಿಟ್ಟಳು. ಬಣ್ಣ ಮಾಸಿತ್ತು, ಮಡಿಕೆಗಳು ಮಾತ್ರ ಒಡೆದಿರಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವ ಆಕೆಗೆ ಇಂಗ್ಲಿಷು, ತೆಲುಗು ಓದಲು ಬರುತ್ತದೆ, ಕನ್ನಡ ಓದಲು ಬಾರದು. ತೆಲುಗಿನ ಬಲದಿಂದ ತನ್ನ ಹೆಸರಿನ ಉಳಿದ ಅಕ್ಷರಗಳನ್ನು ಊಹಿಸಿದ್ದಳು. ಕೊನೆಯ "ತ" ಮಾತ್ರ ತಿಳಿಯಲಿಲ್ಲವಂತೆ. "ಇದು ನನ್ನ ಹೆಸರೇ ಅಲ್ಲೇನ್ರಿ ಸಾರ್?" ಎಂದು ಕೇಳಿದಳು. ಹೌದಮ್ಮಾ ಎಂದೆ. ಬೆರಳಿನಿಂದ ಆ ಅಕ್ಷರವನ್ನು ಎರಡು ಸಲ ತಿದ್ದಿದಳು. ಹೋಗುವಾಗ, ಮಗನ ಹೆಸರಿನಲ್ಲೂ ಇಂಥದೊಂದು ಕಾರ್ಡು ಮಾಡಿಸಿಕೊಡಬಹುದೇ ಎಂದಳು. ಮುಂದಿನ ಜೂನಿಗೆ ಅವನಿಗೆ ಐದು ತುಂಬುತ್ತದೆ. ಯಾವ ಶಾಲೆಗೆ ಎಂದು ನಾನು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಮರುದಿನವೇ ಶಾಲೆಗೆ ಹೋಗಿ ಈಗಿನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅಚ್ಚುಗಳ ಪೆಟ್ಟಿಗೆಯನ್ನು ತೆರೆಸಿದೆ. ಇಲಿ ಕಡಿದ ಎರಡು ಮೂರನ್ನು ಬಿಟ್ಟರೆ ಉಳಿದವು ಸುಸ್ಥಿತಿಯಲ್ಲಿವೆ. ತಲೆಕಟ್ಟು ಇದೆ, ಇಳಿ ಇದೆ, ಕೊಂಬು ಎರಡಿವೆ. "ಭ" ಮಾತ್ರ ಇಲ್ಲ. ಆ ಹುಡುಗನ ಹೆಸರು ಆರಂಭವಾಗುವುದೇ ಆ ಅಕ್ಷರದಿಂದ. ಅದಿಲ್ಲದೆ ಶುಭಾಶಯ ಎಂದು ಒತ್ತುವುದಕ್ಕೂ ಆಗುವುದಿಲ್ಲ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಾದರೂ ಅದು ಉಳಿದಿದ್ದರೆ ದಯಮಾಡಿ ಮಹೋತ್ಸವಕ್ಕೆ ಬರುವಾಗ ತನ್ನಿರಿ. ಸಿಗದಿದ್ದರೆ ಆರನೆಯ ತರಗತಿಯ ಮಕ್ಕಳು ಹೊಸದನ್ನು ಕೆತ್ತಲು ಒಪ್ಪಿದ್ದಾರೆ. ಅದಕ್ಕೆಂದು ನನ್ನ ಹಳೆಯ ಹವಾಯಿ ಚಪ್ಪಲಿಯ ಎಡಗಾಲಿನ ಅಟ್ಟೆಯನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ.